ಮುಚ್ಚಿದ ಪುಸ್ತಕದ ಮೇಡಂ

ಸುಭದ್ರಾ ಮೇಡಂ ಕಣ್ಣು ಮುಚ್ಚಿಕೊಂಡೇ ನಮ್ಮ ಉತ್ತರ ಕೇಳುತ್ತಿದ್ದರು. ಸರಿಯಿದ್ದರೆ ಅವರ ತಲೆ ತೂಕಡಿಸಿದಂತೆ ಆಡುತ್ತಿತ್ತು, ತಪ್ಪಿದರೆ ನಿಂತುಬಿಡುತ್ತಿತ್ತು. ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಕಲಿಸಿ, ನಿವೃತ್ತರಾಗಿ ಚಿತ್ತಾಪುರ ಸೇರಿದ ಮೇಲೂ ಪರೀಕ್ಷೆ ಹತ್ತಿರ ಬಂದಾಗ ನಾವು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದೆವು. ಮರುಓದಿಗೆ ಯಾವ ಸಣ್ಣ ಪುಸ್ತಕ ಒಳ್ಳೆಯದೆಂದು ಕೇಳುತ್ತಿದ್ದೆವು.

ಅವರು ಹೆಸರು ಹೇಳುತ್ತಿರಲಿಲ್ಲ. "ಲಗ್ನದ ಸೀರಿ ಆರಿಸಾಕತ್ತೀರೇನು, ಬರೇ ಬಣ್ಣ ನೋಡಾಕ? ಒಂದೇ ರೋಗ ಎರಡೂ ಪುಸ್ತಕದಾಗ ಓದ್ರಿ. ಮುಚ್ಚಿ ಹೇಳ್ರಿ. ಯಾವುದು ಮುಚ್ಚಿದ ಮ್ಯಾಲೂ ಬಾಯಾಗ ಬರ್ತದ, ಅದು ನಿಮ್ಮದು. ದೊಡ್ಡ ಪುಸ್ತಕ ಮದ್ಲ ಓದಿರಬೇಕು ಮತ್ತ. ಇಲ್ಲಂದ್ರ ಸಣ್ಣದು ಏನಂತ ನೆನಪಿಸಬೇಕು, ಪಾಪ!"

ನಾನು ಆ ವಿಷಯದಲ್ಲಿ ಒಮ್ಮೆ ಫೇಲಾಗಿದ್ದೆ. ಮತ್ತೆ ಫೇಲಾದರೆ ಜೊತೆಯವರೆಲ್ಲ ಮುಂದೆ ಹೋಗಿ ನಾನೊಬ್ಬಳೇ ಉಳಿಯುತ್ತಿದ್ದೆ. ನನ್ನ ಬಳಿ ಲೈಬ್ರರಿಯಿಂದ ತಂದ ಎರಡು ಪುಸ್ತಕಗಳಿದ್ದವು: ಒಂದರ ತುಂಬ ಕೋಷ್ಟಕಗಳು, ಇನ್ನೊಂದರಲ್ಲಿ ಬಾಣದ ಗುರುತಿನ ಚಿತ್ರಗಳು. ಆಗ ಮೇಡಂ ನಮ್ಮೂರು ಕಾಳಗಿಗೆ, ತಂಗಿಯ ಮನೆಗೆ ಬಂದಿದ್ದರು. ವಾಪಸು ಹೊರಟವರು, "ಆಟೋದಾಗ ಕುಂದ್ರು ಬಾ. ಚಿತ್ತಾಪುರ ಮುಟ್ಟೂದ್ರಾಗ ನಿಂದು ತೀರ್ಮಾನ ಮಾಡೋಣು" ಎಂದರು.

ಮಳೆ ನಿಂತ ಬೆಳಗು. ತೊಗರಿ ಹೊಲಗಳ ಮೇಲೆ ತೆಳು ಮಂಜು ತೇಲುತ್ತಿತ್ತು. ಕೋಷ್ಟಕದ ಪುಸ್ತಕ ಮುಚ್ಚಿ ಹೇಳತೊಡಗಿದೆ. ಸ್ವಲ್ಪದರಲ್ಲೇ ಮೇಡಂ ತಲೆ ನಿಂತಿತು. ದಂಡೋತಿ ಸೇತುವೆಯ ಹತ್ತಿರ ಚಿತ್ರದ ಪುಸ್ತಕ ಮುಚ್ಚಿದೆ. ವಿಷಯ ಅದೇ, ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದು. ಸೇತುವೆಯ ಮೇಲೆ ಕಾಗಿಣಾ ನದಿಯ ನೀರು ತೆಳುವಾಗಿ ಹರಿಯುತ್ತಿತ್ತು.

"ಹೋಗ್ಲೇನ್ರೀ ಅಮ್ಮಾರ? ಭಾಳ ನೀರಿಲ್ಲ" ಎಂದು ಆಟೋದ ಮೆಹಬೂಬ ಹಿಂತಿರುಗಿ ನೋಡಿದ.

ಅದೇ ಹೊತ್ತಿಗೆ ನಾನು, "ನಾಳದ ಗೋಡೆಗೆ ಪೆಟ್ಟು ಬಿದ್ದರೆ" ಎಂದೆ. ಕಣ್ಣು ಮುಚ್ಚಿದ್ದ ಮೇಡಂ ತಲೆಯಾಡಿಸಿದರು. ಅವನು ಗಾಡಿ ಬಿಟ್ಟ.

ನಡುವೆ ಎಂಜಿನ್ ಸತ್ತಿತು. ನೀರು ಸದ್ದಿಲ್ಲದೆ ಏರಿ ಆಟೋವನ್ನು ಅಂಚಿನತ್ತ ಮೆಲ್ಲಗೆ ಸರಿಸಿತು. ಆ ಸರಿಯುವುದು ನನ್ನೊಳಗೆ ಈಗಲೂ ನಡೆಯುತ್ತಲೇ ಇದೆ. ಬಸ್ಸಿನಲ್ಲಿ ಕೂತಾಗ, ವಾರ್ಡಿನಲ್ಲಿ ನಿಂತಾಗ, ಕಾಲಡಿಯ ನೆಲ ಒಂದಿಷ್ಟು ಜರುಗುತ್ತದೆ.

"ಯಾಕ ಒಳಗ ಬಿಟ್ಟಿ?" ಎಂದರು ಮೇಡಂ.

"ನೀವೇ ತಲಿ ಆಡಿಸಿದ್ರಲ್ರೀ!"

ಮೇಡಂ ಮುಖ ಬಿಳಿಚಿತು. ನನ್ನ ಮಣಿಕಟ್ಟು ಹಿಡಿದರು. "ನೀರು ನೋಡಬ್ಯಾಡ. ನನ್ನ ಮುಖ ನೋಡು. ಮುಂದ ಹೇಳು."

"ಹರಿವು ನಿಂತರೆ... ಸುಳಿಗಟ್ಟಿದರೆ..." ಹಲ್ಲು ಕಟಕಟಿಸುತ್ತಿದ್ದರೂ ಬಾಣದ ಗುರುತುಗಳು ಒಂದೊಂದಾಗಿ ಕಣ್ಮುಂದೆ ಬಂದವು. ದಂಡೆಯವರು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯುವ ತನಕ ಹೇಳುತ್ತಲೇ ಇದ್ದೆ.

ದಂಡೆಯಲ್ಲಿ ಮೆಹಬೂಬ ಅಳುತ್ತಿದ್ದ. ಮೇಡಂ ಅವನ ಬೆನ್ನು ಸವರಿ, "ನಿಂದು ತಪ್ಪಲ್ಲಪಾ, ನನ್ನ ತಲಿದು" ಎಂದರು. ನನ್ನ ಕಡೆ ತಿರುಗಿ, "ಚಿತ್ರದ್ದು ಇಟ್ಕೋ. ಇನ್ನೊಂದು ವಾಪಸ್ ಕೊಡು" ಎಂದರು.

ಪಾಸಾದೆ. ಪೇಢೆ ಹಿಡಿದು ಚಿತ್ತಾಪುರಕ್ಕೆ ಹೋದಾಗ ಅವರು ಅಂಕ ಕೇಳಲಿಲ್ಲ.

"ನಿದ್ದಿ ಬರ್ತದೇನವ್ವ?"

"ಇಲ್ರೀ ಮೇಡಂ."

"ನನಗೂ ಇಲ್ಲ" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಸಂಜೆಯವರೆಗೆ ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಆ ನೀರನ್ನು ನನ್ನೊಂದಿಗೆ ಕೂತು ನೆನೆಯುವವರು ಈಗ ಯಾರೂ ಇಲ್ಲ.