ಬೊಡ್ಡೆಗೆ ಕುಂಕುಮ, ಹಂಪಮ್ಮನಿಗೆ ತಲೆನೋವು

ಬೆಳಕು ಹರಿಯುವ ಹೊತ್ತಿಗೆ ಹಂಪಮ್ಮ ಕೊಡಲಿ ಹಿಡಿದು ಬಂದರೆ, ರಸ್ತೆ ಪಕ್ಕದ ಸುಬಾಬುಲ್ ಗಿಡದ ಬೊಡ್ಡೆಯ ಮೇಲೆ ಮತ್ತೆ ಕರ್ಪೂರದ ಮಸಿ. ಪಕ್ಕದಲ್ಲಿ ಒಡೆದ ತೆಂಗಿನಕಾಯಿ, ಅದಕ್ಕೆ ಮುತ್ತಿದ ಇರುವೆ. ಇವರಿಗೆ ಬೇರೆ ಕೆಲಸವೇ ಇಲ್ಲವೇ ಎಂದು ಗೊಣಗುತ್ತ ಆಕೆ ಮಸಿ ಒರೆಸುತ್ತಾರೆ. ಏಳು ಟಿಸಿಲುಗಳಿದ್ದ ಬೊಡ್ಡೆಯಲ್ಲಿ ಈಗ ಇರುವುದು ನಾಲ್ಕೇ. ಉಳಿದವು ಬುಡದಲ್ಲಿ ಸುಟ್ಟು ಒಣಗಿವೆ.

ಹೈದರಾಬಾದಿನ ಹೊರಗೆ, ಘಟ್‌ಕೇಸರ್ ಕಡೆಯ ಈ ಹೊಲದ ಬೆಳೆಯೇ ಸೌದೆ. ಕಾಚಿಗೂಡದ ಲಾಡ್ಜುಗಳ ಹೊದಿಕೆ ಒಗೆಯುವ ಲಾಂಡ್ರಿಯ ಬಾಯ್ಲರಿಗೆ ಇದೇ ಉರುವಲು. ಗಿಡವನ್ನು ಮೊಣಕಾಲೆತ್ತರದಲ್ಲಿ, ನೀರು ನಿಲ್ಲದಂತೆ ಓರೆಯಾಗಿ ಕಡಿಯಬೇಕು. ಬೇರು ಜೀವಂತವಿರುವುದರಿಂದ ಮತ್ತೆ ಚಿಗುರುತ್ತದೆ, ಎರಡು-ಮೂರು ವರ್ಷಕ್ಕೆ ಮತ್ತೆ ಕಡಿತ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಹಂಪಮ್ಮ, ಬೆನ್ನುನೋವಿನಿಂದ ಇಟ್ಟಿಗೆ ಬುಟ್ಟಿ ಬಿಟ್ಟು, ಇಲ್ಲಿ ಬೀಜ ಬಿದ್ದ ದಿನದಿಂದ ಇದ್ದಾರೆ. ದಿನಕ್ಕೆ ನಲವತ್ತು ಹೊರೆ ಕಟ್ಟುವ ತಂಡಕ್ಕೆ ಈಗ ಅವರೇ ಮೇಸ್ತ್ರಿ.

ಬೊಡ್ಡೆಯಲ್ಲಿ ಈ ದೇವಿ ಎಲ್ಲಿಂದ ಬಂದಳೆಂದು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ಮೊದಲ ಏಟಿಗೆ ಮುನ್ನ ಒಂದು ಗಿಡದ ಬುಡಕ್ಕೆ ಅರಿಶಿನ-ಕುಂಕುಮವಿಟ್ಟು ತಪ್ಪಾಯ್ತು ಎನ್ನುವುದು ತಂಡದ ಪದ್ಧತಿ. ಹೋದ ಕಡಿತದಲ್ಲಿ ಅದನ್ನು ರಸ್ತೆಯಂಚಿನ ಗಿಡಕ್ಕೇ ಮಾಡಿದರು. ಅದೇ ಬೊಡ್ಡೆಯಲ್ಲಿ ಏಳು ಚಿಗುರು ಬಂದವು. ಕುಂಕುಮ ಕಂಡ ದಾರಿಹೋಕರು, ಸತ್ತ ಮರದಲ್ಲಿ ಏಳು ಅಕ್ಕತಂಗಿ ದೇವಿಯರು ಎದ್ದರೆಂದು ಕೈಮುಗಿದರು. ಅಲ್ಲ, ಇಡೀ ಹೊಲವೇ ಕಡಿದು ಚಿಗುರುವುದಕ್ಕೆಂದು ಇರುವಾಗ ಇದೊಂದೇ ಹೇಗೆ ಪವಾಡವಾಯಿತು? ಕೇಳುವವರಿಲ್ಲ.

“ನಾನ ಹಚ್ಚಿದ ಕುಂಕುಮರೀ. ಮಾಡಿದ್ದುಣ್ಣೋ ಮಹರಾಯ ಅಂದಂಗ ಆತು,” ಎನ್ನುತ್ತಾರೆ. ಹೇಳಿ ಹೇಳಿ ಅವರ ಬಾಯಿ ಒಣಗಿದೆ.

ಲಾಂಡ್ರಿಗೂ ಈ ಹೊಲಕ್ಕೂ ಮಾಲೀಕರಾದ ಗೋಪಿನಾಥರ ಸಹನೆಯೂ ತೀರಿದೆ. ಈ ಸಲ ರಸ್ತೆಯಂಚಿನ ಆ ಮೂಲೆ ಕಡಿಯಲಾಗದಿದ್ದರೆ ನಾಳೆ ಅದು ಗುಡಿಯೇ ಆಗುತ್ತದೆ. ಅದಕ್ಕೆ ಮೊದಲೇ ಎಲ್ಲ ಬೊಡ್ಡೆಗಳನ್ನು ಜೆಸಿಬಿಯಲ್ಲಿ ಕೀಳಿಸಿ, ಲಾರಿ ನಿಲ್ಲಿಸಲು ಜಾಗ ಕೊಡುವುದಾಗಿ ಹೇಳಿದ್ದಾರೆ. ಹಾಗಾದರೆ ಹಂಪಮ್ಮನಿಗೆ ಮತ್ತೆ ಇಟ್ಟಿಗೆ ಬುಟ್ಟಿಯೇ ಗತಿ.

ಕೊಡಲಿ ಎತ್ತುವಷ್ಟರಲ್ಲಿ ಸುಮಂಗಲಾ ಅಡ್ಡ ಬರುತ್ತಾರೆ. ಧಾರವಾಡದವರು, ಗಂಡ ರೈಲ್ವೆ ನೌಕರ, ಹತ್ತಿರದ ಕಾಲೊನಿಯಲ್ಲಿ ಮನೆ, ಇಲ್ಲಿ ಕರ್ಪೂರ ಹಚ್ಚುವವರಲ್ಲಿ ಒಬ್ಬರು. ದೇವಿಯನ್ನು ಕಡಿದರೆ ಕೇಡು ತಪ್ಪಿದ್ದಲ್ಲ ಎನ್ನುತ್ತಾರೆ. ಕೇಡು ನಿಮ್ಮ ಕರ್ಪೂರದಿಂದಲೇ ಬಂದಿದೆ ಎಂದು ಹಂಪಮ್ಮ ಸುಟ್ಟ ತೊಗಟೆ ಸುಲಿದು ತೋರಿಸುತ್ತಾರೆ.

“ಕಡದ ಮ್ಯಾಲೆ ಚಿಗುರಲಿಲ್ಲಂದ್ರ?” ಸುಮಂಗಲಾ ಬಿಡುವುದಿಲ್ಲ.

“ಆಗ ನಾನೂ ಇಲ್ಲಿ ಇರಂಗಿಲ್ರಿ ಅಕ್ಕಾರ. ಗಂಟುಮೂಟಿ ಕಟ್ಟತೀನಿ.”

ತಂಡದವರು ಕುಂಕುಮದ ಡಬ್ಬಿ ಮುಂದೆ ಹಿಡಿಯುತ್ತಾರೆ. ಸಾಕಪ್ಪಾ ಸಾಕು ಎಂದು ಅದನ್ನು ಸರಿಸಿ, ಬರಿ ಬಾಯಿಂದ ಕ್ಷಮೆ ಕೇಳಿ, ಹಂಪಮ್ಮ ಓರೆಯಾಗಿ ಏಟು ಹಾಕುತ್ತಾರೆ. ಸುಮಂಗಲಾ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಮುಂಗಾರಿನ ಮೊದಲ ಮಳೆ ಬಿದ್ದು ಹೊಲವೆಲ್ಲ ಹಸಿರಾದರೂ ಮೂಲೆಯ ಬೊಡ್ಡೆ ಹಠ ಹಿಡಿದು ಸುಮ್ಮನಿದೆ. ಹಂಪಮ್ಮನಿಗೆ ಊಟ ಸೇರುತ್ತಿಲ್ಲ. ಉಳಿದವೆಲ್ಲ ಗೇಣುದ್ದ ಎದ್ದ ಮೇಲೆ, ಸುಡದ ಮಗ್ಗುಲಲ್ಲಿ ಇದಕ್ಕೂ ಎರಡು ಚಿಗುರು. ಸುದ್ದಿ ಮುಟ್ಟಿದ್ದೇ ತಡ, ಸುಮಂಗಲಾ ಪೂಜೆಯ ತಟ್ಟೆ ಹಿಡಿದು ಓಡಿಬರುತ್ತಾರೆ.

ಹಂಪಮ್ಮ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

“ಅಕ್ಕಾರ, ಒಮ್ಮಿ ಹಿಂದ ತಿರುಗಿ ನೋಡ್ರಿ. ಹೊಲದ ತುಂಬ ಚಿಗುರು ಒಡದಾವ, ಎಲ್ಲಾ ನಾನ ಕಡದಿದ್ದು. ಪವಾಡ ಅನ್ರಿ, ದುಡಿಮಿ ಅನ್ರಿ, ಕೈ ಬೇಕಾದ್ರ ಮುಗೀರಿ. ಬೆಂಕಿ ಹಚ್ಚೂದು ಮಾತ್ರ ಬಾಯ್ಲರಿಗೆ ಬಿಡ್ರಿ.”