ನನ್ನ ಕೈ ನಡುಗುವುದಿಲ್ಲ

ನನ್ನ ಕೈ ನಡುಗುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಲಕ್ಷ್ಮೇಶ್ವರದಲ್ಲಿ ಈಗ ಯಾರನ್ನು ಕೇಳಿದರೂ ನಡುಗುತ್ತದೆ ಎಂದೇ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ನನ್ನ ಕೈಯನ್ನು ಹತ್ತಿರದಿಂದ ನೋಡಿದವರಲ್ಲ. ಬೆಳಿಗ್ಗೆ ನನ್ನ ಬೆರಳುಗಳು ಬಿಗಿದುಕೊಂಡಿರುತ್ತವೆ. ಬಿಗಿಯುವುದು ಬೇರೆ, ನಡುಗುವುದು ಬೇರೆ. ಬೇರೆ ಉದ್ಯೋಗದವರಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣಲಿಕ್ಕಿಲ್ಲ. ನಾನು ಕ್ಷೌರಿಕ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಓಣಿಗೆ ಚಿಕೂನ್‌ಗುನ್ಯಾ ಬಂತು. ಮನೆಗೊಬ್ಬರು ಗೋಡೆ ಹಿಡಿದು ನಡೆಯುತ್ತಿದ್ದರು. ನನಗೂ ಬಂತು. ಜ್ವರ ವಾರದೊಳಗೆ ಇಳಿಯಿತು. ಉಳಿದವರಿಗೆ ಮೊಣಕಾಲಿನಲ್ಲಿ ನಿಂತ ನೋವು ನನಗೆ ಕೈಯಲ್ಲಿ ನಿಂತಿತು. ತಿಂಗಳು ಕಳೆದರೂ ಬಿಡದಿದ್ದಾಗ ಗದಗಿಗೆ ಹೋದೆ. ಡಾಕ್ಟರು ಒಂದೊಂದೇ ಗೆಣ್ಣನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ವೈರಸ್ ಹೋಗೈತಿ. ಅದು ಬಿಟ್ಟು ಹೋಗಿದ್ದು ಇನ್ನೂ ಐತಿ. ಕೆಲವರಿಗೆ ತಿಂಗಳ ಹಿಡೀತೈತಿ, ಕೆಲವರಿಗೆ ವರ್ಷ" ಎಂದರು. ನಾನು ಯಾವ ಗುಂಪಿನವನೆಂದು ಕೇಳಿದೆ. "ಅದನ್ನ ಮುಂದ ನೀವ ನನಗ ಹೇಳಬೇಕ್ರಿ" ಎಂದು ನಕ್ಕರು. ಒಳ್ಳೆಯ ಮನುಷ್ಯ. ಆದರೂ ಆ ನಗು ನನ್ನ ಜೊತೆ ಬಸ್ಸು ಹತ್ತಿ ಊರಿನವರೆಗೂ ಬಂತು.

ಬೆಳಿಗ್ಗೆ ಏಳುವಾಗ ನನ್ನ ಬೆರಳುಗಳು, ಒನಕೆ ಹಿಡಿದುಕೊಂಡೇ ನಿದ್ದೆ ಹೋದವನ ಬೆರಳಿನಂತೆ ಅರ್ಧ ಮಡಚಿರುತ್ತವೆ. ನಲ್ಲಿ ತಿರುಗಿಸಲಾಗುವುದಿಲ್ಲ. ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ಬೋಗುಣಿಯನ್ನು ಮುಂದಿಡುತ್ತಾಳೆ. ಅಂಗಿಯ ಗುಂಡಿಯನ್ನೂ ಅವಳೇ ಹಾಕುತ್ತಾಳೆ.

"ಮದುವ್ಯಾದ ಹೊಸದಾಗ ಒಂದು ದಿನಾರ ಹಾಕಿಸ್ಕೊಂಡಿದ್ರಿ? ಈಗ ನೋಡ್ರಿ, ಶಾಲಿಗೆ ಹೊಂಟ ಹುಡುಗನಗತೆ ಎದಿ ಸೆಟಿಸಿ ನಿಂದರ್ತೀರಿ" ಎನ್ನುತ್ತಾಳೆ.

ಕಿರುಬೆರಳು ಮೊದಲು ಸಡಿಲವಾಗುತ್ತದೆ, ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ. ಬಿಸಿಲು ಅಂಗಳಕ್ಕೆ ಪೂರ್ತಿ ಇಳಿಯುವವರೆಗೆ ಅದು ಬಿಡುವುದಿಲ್ಲ. ಕತ್ತಿ ನಿಲ್ಲುವುದು ಹೆಬ್ಬೆರಳಿನ ಮೇಲೆಯೇ. ಅದು ಬಿಟ್ಟಿತೆಂದರೆ ಸಂಜೆಯವರೆಗೆ ನನ್ನ ಕೈ ಹಿಂದಿನ ಕೈಯೇ. ಹಾಗಾಗಿ, ಯಾವುದಕ್ಕೂ ಇರಲಿ ಎಂದು, ಅಂಗಡಿಯನ್ನು ಮಧ್ಯಾಹ್ನ ತೆರೆಯತೊಡಗಿದೆ.

"ಏನಲೇ, ಸಾವಕಾರ ಆದಿಯೇನ? ಉಂಡು, ಒಂದು ಜಂಪು ತಗದು ಅಂಗಡಿ ತೆಗೀತಿ!" ಎಂದು ಹಳೆಯ ಗಿರಾಕಿಗಳು ಕಾಲೆಳೆದರು. ನಕ್ಕು ಕತ್ತಿ ಮಸೆದೆ. ಚಳಿಗಾಲವಿಡೀ ಹೀಗೆ ಸಾಗಿತು. ಯಾರ ಕೆನ್ನೆಯ ಮೇಲೂ ಒಂದು ಗೀರು ಬೀಳಲಿಲ್ಲ.

ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಕಿರಾಣಿ ವ್ಯಾಪಾರಿಗಳ ಮನೆಯೊಂದಿದೆ. ಆ ಮನೆಯ ಮಕ್ಕಳ ಜಾವಳ, ಎಂದರೆ ಹುಟ್ಟುಗೂದಲು ತೆಗೆಯುವ ಶಾಸ್ತ್ರ, ನಮ್ಮ ಮನೆತನದ್ದು. ಯಜಮಾನನ ಜಾವಳವನ್ನು ನನ್ನ ಅಪ್ಪ ಮಾಡಿದ್ದ. ಅವನ ಮಗನದನ್ನು ನಾನು ಮಾಡಿದ್ದೆ. ಈಗ ಆ ಮಗನಿಗೊಂದು ಗಂಡು ಕೂಸು. ಇನ್ನೂ ಮೆತ್ತಗಿರುವ ನೆತ್ತಿಯ ಮೇಲೆ ಕತ್ತಿ ಇಡಲು ಕರೆಯುತ್ತಾರೆ ಎಂದರೆ, ಅವರು ಆ ಕೈಯನ್ನು ನಂಬಿದ್ದಾರೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಆ ನೆತ್ತಿಗಾಗಿ ನಾನು ಕೂಸು ಹುಟ್ಟಿದಂದಿನಿಂದ ಕಾದಿದ್ದೆ.

ಯಜಮಾನನ ತಾಯಿ, ಆ ಮನೆಯ ಅಜ್ಜಿ, ತಾವೇ ಅಂಗಡಿಗೆ ಬಂದರು. "ಸೋಮವಾರ ಮುಂಜಾನಿ ಏಳಕ್ಕ ಮುಹೂರ್ತ. ಹಡಪ ತಗೊಂಡು ಜಲ್ದಿ ಬಾ. ನಿಮ್ಮಪ್ಪನಗತೆ ಚಾ ಕುಡಕೋತ ಕುಂಡ್ರಬ್ಯಾಡ." ಹಡಪವೆಂದರೆ ಕತ್ತಿ, ಕತ್ತರಿ ಇಡುವ ನಮ್ಮ ಚೀಲ.

ಹೂಂ ಎನ್ನಬಹುದಿತ್ತು. ಏಳು ಗಂಟೆಗೆ ನನ್ನ ಹೆಬ್ಬೆರಳು ಹೇಗಿರುತ್ತದೆ ಎಂದು ಆ ಕ್ಷಣ ನೆನಪಾಯಿತು, ಆ ಕೂಸಿನ ನೆತ್ತಿಯೂ ನೆನಪಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅವ್ವಾರ, ಜ್ವರ ಬಂದಾಗಿಂದ ಮುಂಜಾನಿ ನನ್ನ ಬೆರಳು ಮಡಚ್ಕೊಂಡಿರ್ತಾವ್ರಿ. ಹೊತ್ತೇರಿದ ಮ್ಯಾಲೆ ಬಿಡ್ತಾವ. ಹತ್ತು ಹೊಡದ ಮ್ಯಾಲೆ ಇಟ್ಕೊಂಡ್ರ..."

ಅವರು ನನ್ನ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡರು. "ಅಯ್ಯ ನನ್ನಪ್ಪ, ಮೊದಲ ಹೇಳಬಾರದೇನು? ನೀ ಆರಾಮ ತಗೋ. ಕೂಸಿಂದು ಹೆಂಗಾರ ಆಗತೈತಿ." ಅವರ ಕಣ್ಣು ತುಂಬಿತ್ತು. ಅದರಲ್ಲಿ ನಾಟಕವಿರಲಿಲ್ಲ. ಮುಹೂರ್ತ ಮುಂದೆ ಹಾಕುವ ಮಾತನ್ನು ಮಾತ್ರ ಅವರು ಎತ್ತಲಿಲ್ಲ.

ಮರುದಿನ ಶಿರಹಟ್ಟಿಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. "ಮಾಮಾ, ನಿಮಗ ಕೈ ನಡಗೂ ರೋಗ ಬಂದೈತಂತಲ್ರಿ. ಖರೆ ಏನು?" ನಾನು ಹೇಳಿದ ಮಾತು ಅಷ್ಟು ದೂರ ಹೋಗುವಷ್ಟರಲ್ಲಿ ಬೇರೆಯದೇ ಆಗಿತ್ತು. ಗಿರಾಕಿಗಳು ಕೂದಲು ಕತ್ತರಿಸಿಕೊಳ್ಳಲು ಬರುತ್ತಲೇ ಇದ್ದರು. ದಾಡಿ ಎಂದ ಕೂಡಲೇ ಗದ್ದ ಸವರಿಕೊಂಡು, "ನಿನ್ನೆ ಮನ್ಯಾಗ ಮಾಡ್ಕೊಂಡೇನಿ" ಎನ್ನುತ್ತಿದ್ದರು. ಗದ್ದದ ಮೇಲೆ ವಾರದ ಬೆಳೆ ಇರುತ್ತಿತ್ತು. ಒಬ್ಬನ ಮುಂದೆ ಕೈ ಚಾಚಿ, ಬೆರಳುಗಳ ಮೇಲೆ ಕತ್ತಿಯನ್ನು ಅಡ್ಡ ಮಲಗಿಸಿ ತೋರಿಸಿದೆ. ಅದು ಅಲುಗಲಿಲ್ಲ. ಅವನು ನೋಡಿದ, ತಲೆಯಾಡಿಸಿದ, ಮತ್ತೆ ಬರಲಿಲ್ಲ. ಏನೂ ಇಲ್ಲದಿದ್ದರೆ ಯಾಕೆ ತೋರಿಸುತ್ತಾನೆ ಎಂದುಕೊಂಡಿರಬೇಕು.

ಸೋಮವಾರ ನನ್ನನ್ನು ಊಟಕ್ಕೆ ಕರೆದಿದ್ದರು. ಮುಹೂರ್ತಕ್ಕೇ ಹೋದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಬಸ್ ನಿಲ್ದಾಣದ ಎದುರು ಹೊಸದಾಗಿ ಸಲೂನ್ ಹಾಕಿದ ತರುಣ, ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಹಿಡಿದು ನಿಂತಿದ್ದ. ಎಲ್ಲ ಸಿದ್ಧವಿತ್ತು, ಕೂಸಿನ ಸೋದರಮಾವ ಮಾತ್ರ ಇರಲಿಲ್ಲ. ಜಾವಳದಲ್ಲಿ ಕೂಸು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು. ಮುಂಡರಗಿಯಿಂದ ಹೊರಟಿದ್ದ ಅವನ ಬಸ್ಸು ಶಿರಹಟ್ಟಿಯಲ್ಲಿ ಕೆಟ್ಟು ನಿಂತಿತ್ತು. ಏಳು ಗಂಟೆ ದಾಟಿತು, ಎಂಟೂ ದಾಟಿತು. "ಮಾವ ಬಂದದ್ದ ಮುಹೂರ್ತ" ಎಂದುಬಿಟ್ಟರು ಅಜ್ಜಿ. ನನಗಾಗಿ ಸರಿಯದ ಮುಹೂರ್ತ ಬಸ್ಸಿಗಾಗಿ ಸರಿಯಿತು.

ಬಿಸಿಲು ಮಾಳಿಗೆಯ ಅಂಚಿನಿಂದ ಇಳಿದು ನನ್ನ ಮೊಣಕಾಲಿಗೆ ಬಂತು. ಕೈಗಳನ್ನು ಅದರಲ್ಲಿಟ್ಟು ಕುಳಿತೆ. ಕಿರುಬೆರಳು ಬಿಟ್ಟಿತು. ಸೋದರಮಾವ ಬೆವರು ಒರೆಸಿಕೊಳ್ಳುತ್ತ ಒಳಗೆ ಕಾಲಿಟ್ಟಾಗ ಹೆಬ್ಬೆರಳೂ ಬಿಟ್ಟಿತ್ತು. ಕುರ್ಚಿಯ ಕೆಳಗೆ ಹಡಪವಿತ್ತು. ತಂದಿದ್ದೆ.

ಎದ್ದು ನಿಂತೆ. "ಅವ್ವಾರ, ಈಗ ಕೈ ಬಿಟ್ಟಾವ್ರಿ. ನಾನ ಮಾಡ್ತೇನಿ."

ಕೂಸಿನ ತಾಯಿ ಕೂಸಿನ ನೆತ್ತಿಯ ಮೇಲೆ ಅಂಗೈ ಮುಚ್ಚಿದಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಅವಳ ಗಂಡ, ಯಾರ ತಲೆಯನ್ನು ನಾನು ಇದೇ ಅಂಗಳದಲ್ಲಿ ಬೋಳಿಸಿದ್ದೆನೋ ಅವನು, ಪಾತ್ರೆ ಎತ್ತಿಡುವ ನೆಪದಲ್ಲಿ ಬಗ್ಗಿದ. ಸೋದರಮಾವ ನಗಿಸುವ ಮನುಷ್ಯ. "ಕಾಕಾ, ನೀವು ಹಿರ್ಯಾರು, ಕುಂತು ನೋಡ್ರಿ. ನಮ್ಮ ಕೂಸಿನ ತಲಿಮ್ಯಾಲೆ ನಕಾಶಿ ಬೀಳೂದು ಬ್ಯಾಡ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನೆನಪು.

ಅಜ್ಜಿಗೆ ತಡೆಯಲಾಗಲಿಲ್ಲ. "ಮೊದಲನೇ ಎಳಿ ಇವನ ಕತ್ತರಿಸಲಿ" ಎಂದರು. ಕತ್ತರಿ ತೆಗೆದು ನೆತ್ತಿಯ ಮುಂದಿನ ಒಂದು ಎಳೆಯನ್ನು ಕತ್ತರಿಸಿದೆ. ಸೋದರತ್ತೆ ಹಿಡಿದಿದ್ದ ಸೆರಗಿನಲ್ಲಿ ಅದು ಬಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. "ನೋಡ್ರಿ, ಎಷ್ಟು ಛಂದ ಕತ್ತರಿಸಿದ್ರು!" ಕೂಸು ಮೊದಲ ಸಲ ಎದ್ದು ನಿಂತಾಗ ಮನೆಯವರು ತಟ್ಟುವಂಥ ಚಪ್ಪಾಳೆ ಅದು.

ಉಳಿದದ್ದನ್ನು ತರುಣ ಮಾಡಿದ. ಚೆನ್ನಾಗಿಯೇ ಮಾಡಿದ. ಕಿವಿಯನ್ನು ಮುಂದಕ್ಕೆ ಮಡಚಿ ಹಿಂದೆ ನೋಡುವುದನ್ನು ಮಾತ್ರ ಮರೆತ. ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ಕೂದಲು ಉಳಿಯಿತು.

"ತಮ್ಮಾ, ಎಡಗಿವಿ ಹಿಂದ..." ಎಂದೆ.

"ಆತ್ರಿ ಕಾಕಾ, ಆತು" ಎಂದು ಅವನು ಕತ್ತಿ ಮಡಚಿದ.

ಸ್ನಾನ ಮಾಡಿಸುವಾಗ ಅದು ಅಜ್ಜಿಯ ಕೈಗೂ ಸಿಕ್ಕಿತು. ಬೆರಳಿನಿಂದ ಸವರಿ ನೋಡಿ, "ಇರ್ಲಿ ಬಿಡು, ಕೂಸು ಅಳಾಕತ್ತೈತಿ" ಎಂದರು. ಅವನು ಉಳಿಸಿದ್ದು ಬರೀ ಕೂದಲು. ನಾನು ಉಳಿಸಿದ್ದರೆ ಅದಕ್ಕೆ ಬೇರೆ ಹೆಸರು ಬೀಳುತ್ತಿತ್ತು.

ಹೊರಡುವಾಗ ಕ್ಷೌರಿಕನಿಗೆ ಸಲ್ಲುವ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಹೊಸ ಟವೆಲ್ ಎಲ್ಲವನ್ನೂ ನನಗೂ ಕೊಟ್ಟರು. ಬೇಡ ಎಂದರೆ ಅಜ್ಜಿ ಕೇಳಲಿಲ್ಲ.

ಮನೆಯಲ್ಲಿ ಹೆಂಡತಿ ಚೀಲ ಇಸಿದುಕೊಂಡು, "ಹೆಂಗಾತ್ರಿ?" ಎಂದಳು.

"ಕಿವಿ ಹಿಂದ ಕೂದಲ ಉಳಿಸ್ಯಾನ" ಎಂದೆ.

ಅವಳು ಹತ್ತಿರ ಬಂದು ನನ್ನ ಅಂಗಿಯ ಗುಂಡಿ ಬಿಚ್ಚತೊಡಗಿದಳು. ಹೊತ್ತು ನೆತ್ತಿಗೇರಿತ್ತು. ಬೆರಳೆಲ್ಲ ಬಿಟ್ಟಿದ್ದವು, ನಾನೇ ಬಿಚ್ಚಿಕೊಳ್ಳಬಹುದಿತ್ತು. ಕೈ ಕೆಳಗೆ ಬಿಟ್ಟು, ಅವಳು ಕೊನೆಯ ಗುಂಡಿ ಬಿಚ್ಚುವವರೆಗೆ ನಿಂತೆ.