ಗುಂಡಿ ನನ್ನದು, ಫೋಟೋ ರೂಪಾಳದು

ಗೆಳತಿಯರೇ, ಇವತ್ತು ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಗೇಟಿಗೆ ಬಂದರೆ, ಮರಳೂರಿನ ನಮ್ಮ ಮನೆಯೆದುರು ಶಾಮಿಯಾನ! ಕೌನ್ಸಿಲರ್ ಮೈಕ್ ಹಿಡಿದು, "ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿ ಭೂಮಿ ಬಿಸಿ ಆಗೈತೆ, ಅದಕ್ಕೇ ಗಿಡ ನೆಡ್ತಾ ಇದೀವಿ" ಎನ್ನುತ್ತಿದ್ದರು. ಪಕ್ಕದ ಮನೆಯ ರೂಪಾ ರೇಷ್ಮೆ ಸೀರೆಯುಟ್ಟು ಹೊಂಗೆ ಸಸಿ ನೆಡುತ್ತಿದ್ದಳು. ಅದೂ ನನ್ನ ಗುಂಡಿಯಲ್ಲಿ! ಹೋದ ವರ್ಷ ಇದೇ ಕೌನ್ಸಿಲರ್ ನೆಟ್ಟು ಮರೆತ ಹೊಂಗೆಯನ್ನು, ಮಗುವಿನ ಬಟ್ಟೆ ಜಾಲಿಸಿದ ನೀರು ಹಾಕಿ ಮೊಣಕಾಲೆತ್ತರ ಬೆಳೆಸಿದ್ದೆ. ಅದೀಗ ಬೇರುಸಮೇತ ಚರಂಡಿಯ ಪಕ್ಕ ಬಿದ್ದಿತ್ತು.

"ಸಾರ್, ಅಲ್ಲಿ ಗಿಡ ಇತ್ತಲ್ಲ?" ಎಂದೆ.

"ಇತ್ತು ಬುಡಮ್ಮ. ಹೊಸಾ ಗುಂಡಿ ತೋಡೋಕೆ ಟೈಮೆಲ್ಲೈತೆ? ಪೇಪರ್‌ನೋರು ಕಾಯ್ತಾವ್ರೆ" ಎಂದರು.

ಅಷ್ಟರಲ್ಲಿ ಸನ್ಮಾನದ ಶಾಲು ಹೊದ್ದಿದ್ದ ರೂಪಾ ನಕ್ಕಳು. "ನಿದ್ದೆಗೆಟ್ಟು ನಿನ್ನ ಕಣ್ಣು ಊದಿರುತ್ತೆ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಕರೀಲಿಲ್ಲ ಕಣೇ. ಇನ್ಮೇಲೆ ಇದಕ್ಕೂ ನೀನೇ ನೀರು ಹಾಕ್ಬಿಡು, ಅಭ್ಯಾಸ ಇದೆಯಲ್ಲ."

ನನ್ನ ಹೊಂಗೆಯನ್ನು ಎತ್ತಿ ತಂದು ಹಳೆಯ ಪೇಂಟ್ ಡಬ್ಬದಲ್ಲಿ ನೆಟ್ಟೆ. ಸಂಜೆ ಎರಡಕ್ಕೂ ನೀರು ಹಾಕಿದೆ. ನನ್ನದಕ್ಕೆ ಎರಡು ಚೊಂಬು, ರೂಪಾಳದಕ್ಕೆ ಅರ್ಧ. ಭೂಮಿ ತಂಪಾಗಲೇಬೇಕು, ಆದರೆ ಮೊದಲು ನನ್ನ ಗಿಡದಿಂದ ಆಗಲಿ.